ಸತ್ತವರು ಎಷ್ಟು ದಿನ ನಡೆದಾರು?

ಭಾಲ್ಕಿ ತಾಲೂಕಿನ ನಮ್ಮ ಸಾಯಗಾಂವದಲ್ಲಿ ದೆವ್ವಗಳಿಗೆ ಮೊದಲೇ ಕೊರತೆಯಿಲ್ಲ, ಹುಣಿಸೆಮರಕ್ಕೊಂದು, ಹಾಳುಬಾವಿಗೊಂದು. ಈಗ ಚಲನಚಿತ್ರಗಳಿಂದ ಜೋಂಬಿಯೆಂಬ ಹೊಸ ಅತಿಥಿಯೂ ಬಂದಿರುವನು. ಸತ್ತು ಎದ್ದ ಹೆಣವಂತೆ. ಕಚ್ಚಿದವರನ್ನೆಲ್ಲ ತನ್ನಂತೆಯೇ ಮಾಡುವುದಂತೆ. ಅಂಥ ಪಿಡುಗು ಹಬ್ಬಿದರೆ ಎಷ್ಟು ದಿನ ಬಾಳೀತೆಂದು ಮನೆಯ ಮಕ್ಕಳು ಕೇಳಿದಾಗ ನಾವು ನಕ್ಕು ತಳ್ಳಲಿಲ್ಲ.

ಹೆಣವೇ ಆದರೆ ಲೆಕ್ಕ ಸುಲಭ. ಉಸಿರು ನಿಂತ ಕೆಲವು ಗಂಟೆಗಳಲ್ಲಿಯೇ ಸ್ನಾಯುಗಳು ಸೆಡೆಯುವುವು, ನೊಣಗಳು ತತ್ತಿಯಿಡುವುವು. ನಮ್ಮ ಕಡೆಯ ವೈಶಾಖದ ಬಿಸಿಲು 40 ಡಿಗ್ರಿ ಮುಟ್ಟಿದಾಗ ಎರಡು ಮೂರು ದಿನಗಳಲ್ಲಿ ದೇಹವು ಉಬ್ಬಿ ತೊಗಲು ಸುಲಿಯುವುದು. ಮತ್ತೆ ನಡೆಯುವ ಮಾತೆಲ್ಲಿ?

ಆದರೆ ಕಚ್ಚಿನಿಂದ ಹಬ್ಬುವ, ಬುದ್ಧಿಯನ್ನು ಕೆಡಿಸುವ, ನೀರು ಕಂಡರೆ ಗಂಟಲು ಬಿಗಿಯುವ ರೋಗವೊಂದು ನಮ್ಮ ಓಣಿಗಳಲ್ಲಿಯೇ ಇರುವುದಷ್ಟೆ. ಅದು ಹುಚ್ಚುನಾಯಿಯ ರೋಗ, ರೇಬೀಸ್. ಲಕ್ಷಣ ತೋರಿದ ನಾಯಿಯು ಸುಮಾರು 10 ದಿನಗಳೊಳಗೆ ಸಾಯುವುದು. ಆದರೂ ರೋಗವು ತೀರದು. ಕಡಿಸಿಕೊಂಡವರ ಮೈಯಲ್ಲಿ ವಿಷಾಣುವು ನರಗಳ ದಾರಿ ಹಿಡಿದು ಮೆಲ್ಲಗೆ ಮಿದುಳಿಗೆ ಏರುತ್ತಿರುವುದು. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಕ್ವಚಿತ್ತಾಗಿ ವರ್ಷಕ್ಕೂ ಮೀರಿ. ಅಷ್ಟರಲ್ಲಿ ಗಾಯ ಮಾಯ್ದಿರುವುದು. ಮನುಷ್ಯನು ಹೊಲಕ್ಕೆ ಹೋಗುವನು, ಮದುವೆಯೂಟ ಉಣ್ಣುವನು. ಲಕ್ಷಣ ಕಂಡಮೇಲೆ ಬದುಕಿದವರು ತೀರ ವಿರಳ.

ಚಿತ್ರದ ಹೆಣಗಳಿಗಿಂತ ಈ ನಿಧಾನವೇ ನಮಗೆ ಹೆಚ್ಚು ಭಯಂಕರವಾಗಿ ತೋರುವುದು. ಉಳಿವು ಇರುವುದೂ ಅದರಲ್ಲಿಯೇ. 1885ರಲ್ಲಿ ಪ್ಯಾರಿಸಿನಲ್ಲಿ ಲೂಯಿ ಪಾಶ್ಚರರು ಒಂಬತ್ತು ವರ್ಷದ ಜೋಸೆಫ್ ಮೈಸ್ಟರನಿಗೆ ಲಸಿಕೆ ಕೊಟ್ಟುದು ಈ ಬಿಡುವಿನಲ್ಲಿಯೇ, ಹುಡುಗನು ಬದುಕಿದನು. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಪಾಶ್ಚರ್ ಸಂಸ್ಥೆಯಾಯಿತು. ಹೊಟ್ಟೆಗೆ ಹದಿನಾಲ್ಕು ಸೂಜಿಯೆಂಬ ಅಂಜಿಕೆ ಹಿರಿಯರಲ್ಲಿ ಇನ್ನೂ ಉಳಿದಿದೆ. ಆ ಹಳೆಯ ಲಸಿಕೆಯು 2005ರ ಹೊತ್ತಿಗೇ ಬಳಕೆ ತಪ್ಪಿತು. ಈಗ ತೋಳಿಗೆ ನಾಲ್ಕೈದು ಸಲ, ಅಷ್ಟೆ.

ಕಚ್ಚಿದ ಗಾಯಕ್ಕೆ ಖಾರದಪುಡಿ, ಸುಣ್ಣ ಮೆತ್ತುವುದನ್ನು ನಾವು ಕಂಡಿರುವೆವು. ಅದು ಬೇಡವೇ ಬೇಡ. ಹರಿಯುವ ನೀರು, ಸಾಬೂನು, ಕಾಲು ಗಂಟೆಯ ತೊಳೆತ, ಅಂದೇ ದವಾಖಾನೆ. ರಕ್ತ ಬಂದಿದ್ದರೆ ಗಾಯದ ಸುತ್ತಲೂ ಇಮ್ಯುನೋಗ್ಲಾಬ್ಯುಲಿನ್ ಎಂಬ ಮದ್ದನ್ನೂ ಹಾಕುವರು. ನಾಯಿಯನ್ನು 10 ದಿನ ಕಾಯ್ದು ನೋಡುವ ಪದ್ಧತಿಯುಂಟು. ಆದರೆ ನೋಡುವುದೂ ಚುಚ್ಚಿಸಿಕೊಳ್ಳುವುದೂ ಜೊತೆಜೊತೆಗೇ ನಡೆಯಬೇಕು. ಹತ್ತು ದಿನ ಕಳೆದಮೇಲೆಯೂ ಆ ನಾಯಿ ಬಾಲವಾಡಿಸುತ್ತ ರೊಟ್ಟಿಗೆ ಬಂದರೆ ಉಳಿದ ಸೂಜಿಗಳ ಮಾತನ್ನು ವೈದ್ಯರೊಡನೆ ಆಡಬಹುದು.