ಬಂಗುಡೆಯ ಪಂಚಾಯಿತಿ

ಕೊಡೆಯನ್ನು ಬಾಗಿಲಲ್ಲೇ ಮಡಚಿ ಒಳಗೆ ಬನ್ನಿ. ಜುಲೈ ಕೊನೆಯ ಮಳೆ. ಮಂಗಳೂರು ಬಂದರಿನ ಗೋದಾಮುಗಳನ್ನು ದಾಟಿ ದಕ್ಕೆಯ ಕಡೆ ಇಳಿದರೆ ಸಿಗುವ ಈ ಬಾರಿಗೆ ಬೋರ್ಡು ನೆಪಕ್ಕಷ್ಟೆ. ಮೀನು ಕಾಯಿಸುವ ಎಣ್ಣೆಯ ಘಾಟೇ ದಾರಿ ತೋರಿಸುತ್ತದೆ.

ಕಾಲಿಟ್ಟೊಡನೆ ಒಂದು ಭುಜ ನಿಮ್ಮನ್ನು ಗುದ್ದುತ್ತದೆ. "ಕುಲ್ಲುಲೆ, ಕುಲ್ಲುಲೆ" ಎನ್ನುತ್ತ ಅದೇ ಭುಜದವ ಬೆಂಚಿನಲ್ಲಿ ಜಾಗ ಬಿಡುತ್ತಾನೆ. ಮೇಜಿನ ಮೇಲೆ ನೈಂಟಿ, ಸೋಡಾ, ಉಪ್ಪಿನಕಾಯಿ. ಒಂದು ಮೂಲೆಯಲ್ಲಿ ತುಳು, ಇನ್ನೊಂದರಲ್ಲಿ ಮಲಯಾಳ. ನಡುವೆ ಆಂಧ್ರದ ಕಲಾಸಿಗಳ ತೆಲುಗು. ಬೈಗುಳ ಮಾತ್ರ ಎಲ್ಲರಿಗೂ ಅರ್ಥವಾಗುತ್ತದೆ.

ಟ್ರಾಲ್ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲು ಬಂದ್. ಕೆಲಸವಿಲ್ಲದ ಕೈಗಳು ಮೇಜು ಕುಟ್ಟುತ್ತಿವೆ. ಗೋಡೆ ಬದಿಯ ಮುದುಕನ ದೂರು ಇದಕ್ಕಿಂತ ಹಳತು: 2007ರ ಜುಲೈಯಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದ್ದನ್ನು ಅವನು ಇನ್ನೂ ಕ್ಷಮಿಸಿಲ್ಲ.

ಅಷ್ಟರಲ್ಲಿ ಫ್ಯಾನಿನಡಿ ತಟ್ಟೆಯೊಂದು ಢಣ್ಣೆಂದಿತು.

"ಎಂತದು ಮಾರಾಯ ಇದು? ಐಸಿಂದು!"

ಕೂಗಿದವನು ತಾಂಡೇಲ. ಹತ್ತು ದಿನ ಆಳ ಸಮುದ್ರದಲ್ಲಿದ್ದು ಬೋಟು ತುಂಬಿಸಿ ತರುವವನ ಮುಂದೆ ಬಂಗುಡೆಯ ಬಗ್ಗೆ ಸುಳ್ಳು ನಡೆಯುವುದಿಲ್ಲ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುತ್ತದೆ. ಆಮೇಲೆ ಅಲ್ಲಿಯ ಮೀನು ಐಸಿನಲ್ಲಿ ಮಲಗಿ ಲಾರಿ ಹತ್ತಿ ಬರುತ್ತದೆ. ಇಲ್ಲಿಯ ನಾಡದೋಣಿಗಳು ಕಡಲಿಗಿಳಿಯಬಹುದು, ಆದರೆ ತೂಫಾನಿನಲ್ಲಿ ಇಳಿಯುವವರಾರು?

ಪಕ್ಕದ ಮೇಜಿನವ ಕಿಸಕ್ಕೆಂದ. ತಾಂಡೇಲ ಕುರ್ಚಿ ಹಿಂದೆ ತಳ್ಳಿ ಎದ್ದ. ಯಾರದೋ ಕಾಲರು ಯಾರದೋ ಕೈಯಲ್ಲಿ. ಒಂದು ಗ್ಲಾಸು ನೆಲಕ್ಕೆ. ನೀವು ಗೋಡೆಗೆ ಒತ್ತಿಕೊಳ್ಳುತ್ತೀರಿ. ನಿಮ್ಮ ಬೆಂಚಿನವ ತನ್ನ ನೈಂಟಿಯನ್ನು ಮಾತ್ರ ಜೋಪಾನ ಮಾಡುತ್ತಾನೆ.

2009ರ ಜನವರಿ 24ರಂದು ಇದೇ ಊರಿನ ಪಬ್ಬೊಂದಕ್ಕೆ ಸಂಸ್ಕೃತಿಯ ಹೆಸರಿನಲ್ಲಿ ಗುಂಪು ನುಗ್ಗಿ ಯುವತಿಯರನ್ನು ಹೊಡೆದದ್ದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತ್ತು. ಇಲ್ಲಿ ದಿನವೂ ಕಾಲರು ಹರಿಯುತ್ತದೆ, ಯಾವ ಕ್ಯಾಮೆರಾವೂ ಬರುವುದಿಲ್ಲ. ಕುಡಿಯುವವರು ಗಂಡಸರಾದರೆ ಸಂಸ್ಕೃತಿಗೆ ನಿದ್ದೆ.

ಬೆವರು ಒರೆಸುತ್ತ ಸಪ್ಲೈಯರ್ ಬಂದ. ಬಡಕಲು ಆಳು, ಕಂಕುಳಲ್ಲಿ ಸಾಲದ ಪುಸ್ತಕ. ಅದನ್ನು ಕಂಡದ್ದೇ ಕಾಲರು ಬಿಟ್ಟುಹೋಯಿತು. ಎರಡು ತಿಂಗಳಿಂದ ಇಲ್ಲಿ ಎಲ್ಲರ ಹೆಸರೂ ಅದರಲ್ಲಿದೆ. ಮೊದಲ ಟ್ರಿಪ್ಪಿನ ಪಾಲು ಮನೆ ಮುಟ್ಟುವ ಮೊದಲು ಅದನ್ನು ಮುಟ್ಟಬೇಕು.

"ಐಸಿಂದೇ ಅಣ್ಣಾ," ಎಂದ ಅವನು, ಮುಳ್ಳು ಮಾತ್ರ ಉಳಿದಿದ್ದ ತಟ್ಟೆ ಎತ್ತುತ್ತ. "ನಾಳೆ ಬೋಟು ಬಿಡ್ತೀರಲ್ಲ, ತಾಜಾ ನೀವೇ ತನ್ನಿ, ಕಾಯಿಸಿ ಕೊಡ್ತೇವೆ. ಒಡೆದ ಗ್ಲಾಸು ಯಾರ ಲೆಕ್ಕಕ್ಕೆ ಬರೀಲಿ?"

ಇಡೀ ಬಾರು ಒಟ್ಟಿಗೆ ತಾಂಡೇಲನ ಕಡೆ ಬೆರಳು ತೋರಿಸಿತು.