ಸಾಲಿನ ಮೇಲೆ ನೆಗೆಯುವ ಕಣ್ಣು

ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳಿ. ಇದು 1898. ಅಮೆರಿಕದ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರು, ಕ್ಲಾರ್ಕ್ ವಿಶ್ವವಿದ್ಯಾಲಯ. ನಿಮ್ಮೆದುರು ನಿಂತಿರುವವರು ಎಡ್ಮಂಡ್ ಹ್ಯೂಯಿ, ಇನ್ನೂ ಮೂವತ್ತು ತುಂಬದ ಮನೋವಿಜ್ಞಾನಿ. ಅವರ ಬೆರಳ ತುದಿಯಲ್ಲಿ ಒಂದು ಪುಟಾಣಿ ಬಟ್ಟಲಿದೆ, ಪ್ಲಾಸ್ಟರ್ ಆಫ್ ಪ್ಯಾರಿಸ್‌ನದು. ಕಣ್ಣುಗುಡ್ಡೆಯ ಮುಂದಿನ ಉಬ್ಬಿಗೆ ಸರಿಹೊಂದುವ ಹಾಗೆ ಅಚ್ಚು ತೆಗೆದು, ಸ್ಯಾಂಡ್‌ಪೇಪರಿನಿಂದ ಉಜ್ಜಿ ಉಜ್ಜಿ ತೆಳ್ಳಗೆ, ಹಗುರ ಮಾಡಿದ್ದಾರೆ. ನಡುವೆ ಒಂದು ದುಂಡನೆಯ ತೂತು. ಇದನ್ನು ಈಗ ನಿಮ್ಮ ಕಣ್ಣಿನ ಮೇಲೇ ಕೂರಿಸುತ್ತಾರೆ.

ಹೆದರಬೇಡಿ. ಹೋಲೊಕೇನ್ ಹನಿ ಬಿದ್ದು ಕಣ್ಣು ಆಗಲೇ ಮರಗಟ್ಟಿದೆ. ಒದ್ದೆ ಕಣ್ಣಿಗೆ ಬಟ್ಟಲು ತಾನಾಗಿ ಅಂಟಿಕೊಂಡಿತು. ತೂತಿನಿಂದ ಪುಟ ಕಾಣುತ್ತಿದೆ. ಇನ್ನೊಂದು ಕಣ್ಣಿಗೆ ಯಾವ ಅಡ್ಡಿಯೂ ಇಲ್ಲ. ಬಟ್ಟಲಿಗೆ ಹಗುರವಾದ ಒಂದು ಕೊಳವೆ, ಕೊಳವೆಗೆ ಅಲ್ಯೂಮಿನಿಯಂನ ಚಪ್ಪಟೆ ಮುಳ್ಳು. ಆ ಮುಳ್ಳಿನ ತುದಿ, ಹೊಗೆಯ ಮಸಿ ಹಿಡಿಸಿದ ಕಾಗದ ಸುತ್ತಿದ ಉರುಳೆಯ ಮೇಲಿದೆ. ಉರುಳೆ ತಿರುಗತೊಡಗಿತು.

ಈಗ ಓದಿ.

ನಿಮ್ಮ ಪಾಲಿಗೆ ಹೊಸದೇನೂ ನಡೆಯುತ್ತಿಲ್ಲ. ಹೊಳೆಯ ನೀರು ಹರಿದಂತೆ ಕಣ್ಣು ಎಡದಿಂದ ಬಲಕ್ಕೆ ಸಾಗುತ್ತಿದೆ ಅನ್ನಿಸುತ್ತದೆ. ಓದಿ ಮುಗಿಸಿ ಎದ್ದು ಬಂದು ಉರುಳೆಯನ್ನು ನೋಡಿ. ಮಸಿಯ ಮೇಲೆ ಮೂಡಿರುವ ಬಿಳಿ ಗೀಟು ಹರಿಯುವ ಹೊಳೆಯಂತಿಲ್ಲ, ಮೆಟ್ಟಿಲಿನಂತಿದೆ. ಒಂದು ನೆಗೆತ, ಒಂದು ನಿಲುಗಡೆ. ಮತ್ತೆ ನೆಗೆತ, ಮತ್ತೆ ನಿಲುಗಡೆ. ಸಾಲು ಮುಗಿದಾಗ ಉದ್ದಕ್ಕೆ ಒಂದೇ ಎಳೆತ, ಮುಂದಿನ ಸಾಲಿನ ಮೊದಲಿಗೆ. ಇನ್ನೂ ಹತ್ತಿರ ಬಗ್ಗಿ. ಗೀಟಿನ ಉದ್ದಕ್ಕೂ ಸಣ್ಣ ಚುಕ್ಕೆಗಳಿವೆ. ಶ್ರುತಿಕವೆಯೊಂದು ಲೆಕ್ಕ ತಪ್ಪದೆ ವಿದ್ಯುತ್ತನ್ನು ಕಡಿದು ಕಡಿದು ಬಿಡುತ್ತಿತ್ತು. ಪ್ರತಿ ಸಲವೂ ಮುಳ್ಳಿನ ತುದಿಯಿಂದ ಕಿಡಿ ಹಾರಿ ಮಸಿಯ ಒಂದು ಕಣ ಎಗರಿಹೋಗಿದೆ. ಕಣ್ಣು ನಿಂತ ಕಡೆ ಚುಕ್ಕೆಗಳು ಒತ್ತೊತ್ತಾಗಿವೆ, ನೆಗೆದ ಕಡೆ ವಿರಳ. ಕ್ಷಣಗಳನ್ನು ಎಣಿಸಲು ಅಷ್ಟೇ ಸಾಕು. ಈ ಉಪಕರಣವನ್ನು ನೆನೆದಾಗಲೆಲ್ಲ ನನಗೆ ಹ್ಯೂಯಿಯವರ ಮೇಲೆ ಗೌರವ ಉಕ್ಕುತ್ತದೆ. ಸುಣ್ಣದಂಥ ಪುಡಿ, ಮಸಿ, ಒಂದು ಕಿಡಿ ಸೇರಿಸಿಕೊಂಡು ಓದುವವನ ಮನಸ್ಸಿನ ನಡಿಗೆಯನ್ನು ಕಾಗದದ ಮೇಲೆ ಇಳಿಸಿಬಿಟ್ಟರು.

ಕಣ್ಣು ನೆಗೆಯುತ್ತದೆ ಎಂಬುದು ಅದಕ್ಕೂ ಇಪ್ಪತ್ತು ವರ್ಷ ಹಿಂದೆಯೇ ಪ್ಯಾರಿಸ್‌ನಲ್ಲಿ ತಿಳಿದಿತ್ತು. ನೇತ್ರವೈದ್ಯ ಎಮಿಲ್ ಜವಾಲ್ ಅವರ ಪ್ರಯೋಗಾಲಯದಲ್ಲಿ ರೆಪ್ಪೆಗೆ ಸಾಧನ ತಾಗಿಸಿ ಆ ನೆಗೆತಗಳನ್ನು ಕಿವಿಯಿಂದಲೇ ಎಣಿಸಿದ್ದರು. ಗಾಳಿಗೆ ಪಟಪಟಿಸುವ ಹಾಯಿಗೂ ಲಗಾಮು ಎಳೆದಾಗ ಬೆಚ್ಚುವ ಕುದುರೆಗೂ ಬಳಸುವ ಫ್ರೆಂಚ್ ಪದವೊಂದು ಇದಕ್ಕೆ ಹೆಸರಾಗಿ ನಿಂತಿತು: ಸ್ಯಾಕೇಡ್. ಓದುವ ಕಣ್ಣಿಗಾಗಿ ಇಷ್ಟು ದುಡಿದ ಜವಾಲ್ ಮುಂದೆ ಗ್ಲಾಕೋಮಾದಿಂದ ಎರಡೂ ಕಣ್ಣು ಕಳೆದುಕೊಂಡರು.

ಕಣ್ಣು ಯಾಕೆ ನೆಗೆಯಬೇಕು? ತೋಳು ಚಾಚಿ ನಿಮ್ಮ ಹೆಬ್ಬೆರಳನ್ನು ನೋಡಿ. ಆ ಉಗುರಿನಷ್ಟು ಜಾಗ ಮಾತ್ರ ನಿಮಗೆ ನಿಚ್ಚಳವಾಗಿ ಕಾಣುವುದು, ಸುತ್ತಲಿನದೆಲ್ಲ ಮಸುಕು. ಅಕ್ಷಿಪಟಲದ ನಡುವಿನ ಫೋವಿಯಾ ಎಂಬ ಚಿಕ್ಕ ಕುಳಿಗೆ ಮಾತ್ರ ಅಂಥ ಸೂಕ್ಷ್ಮ ನೋಟ. ಅದನ್ನು ಪದದಿಂದ ಪದಕ್ಕೆ ಹೊತ್ತು ತಿರುಗುವುದೇ ಕಣ್ಣಿನ ಕೆಲಸ. ಇಂಗ್ಲಿಷ್ ಓದುವವರ ಕಣ್ಣು ಒಂದು ನೆಗೆತಕ್ಕೆ ಸುಮಾರು 7ರಿಂದ 9 ಅಕ್ಷರ ದಾಟುತ್ತದೆ. ನೆಗೆತಕ್ಕೆ 20ರಿಂದ 40 ಮಿಲಿಸೆಕೆಂಡು, ನಿಲುಗಡೆಗೆ 200ರಿಂದ 250. ಅಕ್ಷರಗಳು ಒಳಗೆ ಇಳಿಯುವುದೆಲ್ಲ ನಿಂತಾಗಲೇ. ನೆಗೆಯುವಾಗ ಮಿದುಳು ನೋಟವನ್ನು ಅದುಮಿಡುತ್ತದೆ. ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು. ಕಣ್ಣು ಚಲಿಸಿದ್ದು ನಿಮಗೆ ಕಾಣುವುದಿಲ್ಲ, ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ.

ಈಗ ಕುರ್ಚಿ ಬದಲಿಸೋಣ. ಇವತ್ತಿನ ಪ್ರಯೋಗಾಲಯ. ಗದ್ದ ಒಂದು ಆಸರೆಯ ಮೇಲೆ, ಎದುರಿಗೆ ಪರದೆ, ಅದರ ಕೆಳಗೆ ಸೆಕೆಂಡಿಗೆ 1,000 ಸಲ ನಿಮ್ಮ ಪಾಪೆಯನ್ನು ಅಳೆಯುವ ಕ್ಯಾಮೆರಾ. 1975ರಲ್ಲಿ ಜಾರ್ಜ್ ಮೆಕಾಂಕಿ ಮತ್ತು ಕೀತ್ ರೇನರ್ ಪ್ರಕಟಿಸಿದ ಪ್ರಯೋಗವನ್ನು ನಿಮ್ಮ ಮೇಲೆ ಮಾಡುತ್ತಿದ್ದಾರೆ. ಕಣ್ಣು ಎಲ್ಲಿ ನಿಂತಿದೆಯೋ ಅದರ ಆಚೀಚಿನ ಕೆಲವೇ ಅಕ್ಷರಗಳು ನಿಜವಾದವು, ಉಳಿದ ಸಾಲೆಲ್ಲ ಬರೀ ಎಕ್ಸ್, ಎಕ್ಸ್, ಎಕ್ಸ್. ನೀವು ನೆಗೆದಂತೆ ಆ ಕಿಂಡಿಯೂ ನಿಮ್ಮ ಜೊತೆ ಸರಿಯುತ್ತದೆ. ಎಡಕ್ಕೆ 3–4 ಅಕ್ಷರ, ಬಲಕ್ಕೆ 14–15 ಅಕ್ಷರದಷ್ಟು ಕಿಂಡಿ ಇದ್ದರೆ ಓದಿನ ವೇಗ ಕುಗ್ಗುವುದೇ ಇಲ್ಲ. ಬಲಕ್ಕೇ ಯಾಕೆ ಹೆಚ್ಚು? ಇಂಗ್ಲಿಷಿನ ಓದು ಆ ಕಡೆಗೆ ಹೋಗುತ್ತದೆ. ಬಲದಿಂದ ಎಡಕ್ಕೆ ಹೀಬ್ರೂ ಓದುವವರಲ್ಲಿ ಕಿಂಡಿ ಎಡಕ್ಕೆ ಚಾಚಿದ್ದು 1981ರಲ್ಲಿ ಕಂಡುಬಂತು. ಅದು ಕಣ್ಣಿನ ಕಟ್ಟಡದ ಗುಣವಲ್ಲ, ಮನಸ್ಸು ಎತ್ತ ಕಾಯುತ್ತಿದೆಯೋ ಅತ್ತ ನೋಟ ಚಾಚುತ್ತದೆ.

ಮಸಿಯ ಗೀಟಿಗೆ ಮರಳೋಣ. ಅಲ್ಲಲ್ಲಿ ಮೆಟ್ಟಿಲು ಹಿಂದಕ್ಕೆ ಕೊಕ್ಕೆ ಹಾಕಿದೆ. ಪಳಗಿದ ಓದುಗರಲ್ಲೂ ನೂರಕ್ಕೆ 10ರಿಂದ 15 ನೆಗೆತ ಹಿಮ್ಮುಖವಾದವು. ಶರವೇಗದಲ್ಲಿ ಓದಲು ಕಲಿಸುತ್ತೇವೆ ಎನ್ನುವವರು ಇದನ್ನೇ ದೋಷ ಎನ್ನುತ್ತಾರೆ, ಹಿಂದಿರುಗುವುದನ್ನು ಬಿಡಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. 2014ರಲ್ಲಿ ರೇನರ್ ಮತ್ತು ಜೊತೆಗಾರರು, ಓದಿ ದಾಟಿದ ಪದಗಳನ್ನು ಮುಚ್ಚಿಬಿಟ್ಟು ನೋಡಿದರು. ಹಿಂದಿರುಗಲು ದಾರಿಯಿಲ್ಲದಾಗ ಓದಿದ್ದು ಅರ್ಥವಾಗುವುದೇ ಕಡಿಮೆಯಾಯಿತು.

ಕೊನೆಯ ಕುರ್ಚಿ ನಿಮ್ಮ ಮನೆಯದೇ. ಕತೆಯ ಒಂದು ಹಾಳೆಯ ನಡುವೆ, ಎರಡು ಸಾಲಿನ ಮಧ್ಯೆ, ಸಣ್ಣ ತೂತು ಮಾಡಿ. ವಾಲ್ಟರ್ ಮೈಲ್ಸ್ 1928ರಲ್ಲಿ ಹೇಳಿಕೊಟ್ಟ ಉಪಾಯ ಇದು. ಮೂರನೇ ತರಗತಿಯ ಮಗಳ ಮುಂದೆ ಹಾಳೆ ಹಿಡಿದು, ಹಿಂದಿನಿಂದ ಆ ತೂತಿನಲ್ಲಿ ಇಣುಕಿ. ಪುಟ್ಟ ಕಣ್ಣು ಟಕ್ಕನೆ ಸರಿಯಿತು, ನಿಂತಿತು. ಸರಿಯಿತು, ನಿಂತಿತು. ‘ಸ್ವಾತಂತ್ರ್ಯೋತ್ಸವ’ ಬಂತು. ಒಂದೇ ತಕಾರಕ್ಕೆ ರಕಾರ, ಯಕಾರದ ಎರಡು ಒತ್ತು, ಸಾಲದ್ದಕ್ಕೆ ಓತ್ವ. ಕಣ್ಣು ಅಲ್ಲೇ ನೆಟ್ಟಿತು. ಹಿಂದಕ್ಕೆ ಹೋಯಿತು, ‘ಸ್ವಾ’ದಿಂದ ಮತ್ತೆ ಹೊರಟಿತು.

“ಸ್ವಾತಂತ್ರ್ಯೋ...” ಎಂದು ನೀವು ಬಾಯಿ ಹಾಕುತ್ತೀರಿ.

“ತಡಿಯಪ್ಪಾ, ನಾನೇ ಓದ್ತೀನಿ.”

ಅವಳು ಹೇಳುವುದೇ ಸರಿ. ಕನ್ನಡ ಕಲಿಯುವ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಸೊನಾಲಿ ನಾಗ್ ಅವರ ಅಧ್ಯಯನದಲ್ಲಿ, ಕಾಗುಣಿತ, ಒತ್ತಕ್ಷರಗಳು ಪೂರ್ತಿ ಕೈವಶವಾಗಲು ನಾಲ್ಕನೇ ತರಗತಿಯಾದರೂ ಬೇಕು ಎಂದು ಕಂಡಿದೆ. ಇಪ್ಪತ್ತಾರು ಅಕ್ಷರದ ಇಂಗ್ಲಿಷಿನ ಗಡಿಯಾರ ಹಿಡಿದು ಈ ಮಕ್ಕಳನ್ನು ಅಳೆಯುವುದು ಅನ್ಯಾಯ. ಆ ಕಣ್ಣು ನಿಂತಿರುವಾಗ ತಲೆಯೊಳಗೆ ಅಕ್ಷರ ಕೂಡಿಕೊಳ್ಳುತ್ತಿರುತ್ತದೆ.

ಆದ್ದರಿಂದ ಅಪ್ಪ ಅಮ್ಮಂದಿರಲ್ಲಿ, ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ. ಮಗು ಪದದ ಮುಂದೆ ನಿಂತಾಗ “ಬೇಗ ಬೇಗ, ಮುಂದೆ ಓದು” ಅನ್ನಬೇಡಿ. ಅದು ಹಿಂದಕ್ಕೆ ಹೋದರೆ ಹೋಗಲಿ. ಅದು ತಾನಾಗಿ ಮುಂದೆ ಬರುವತನಕ ಸುಮ್ಮನೆ ಪಕ್ಕದಲ್ಲಿ ಕೂತಿರಿ.