ಹೆಸರು ಕೇಳಬೇಡಿ, ಆಧಾರ ಕೇಳಿ

ನಾನು ಬರೆದದ್ದನ್ನು ನೀವು ಓದಿರಬಹುದು, ನನ್ನ ಹೆಸರು ಮಾತ್ರ ಗೊತ್ತಿರಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಸಂಬಳವಿಲ್ಲದೆ ಬರೀತೀನಿ, ತಿದ್ತೀನಿ. ಗಂಡೋ ಹೆಣ್ಣೋ? 'ಬರೀತೀನಿ' ಅಂದರೆ ಕನ್ನಡದಲ್ಲಿ ಗೊತ್ತಾಗಲ್ಲ, ನನ್ನಂಥವರಿಗೆ ಎಂಥ ಅನುಕೂಲ! ಹಗಲು ಬೇರೆಯವರ ಕೋಡ್‌ನಲ್ಲಿ ಬಗ್ ಹುಡುಕೋದು, ರಾತ್ರಿ ಬೇರೆಯವರ ಲೇಖನದಲ್ಲಿ ಒತ್ತಕ್ಷರ ಸರಿಮಾಡೋದು.

ತಮಾಷೆ ಅಂದರೆ, ಅಲ್ಲಿ ಮರೆಯಲ್ಲಿರಬೇಕಾದರೆ ಖಾತೆ ತೆರೆಯಬೇಕಿತ್ತು. ಲಾಗಿನ್ ಆಗದೆ ತಿದ್ದಿದವರ ಐಪಿ ವಿಳಾಸ ಬಹುಕಾಲ ಲೇಖನದ 'ಇತಿಹಾಸ'ದಲ್ಲಿ ಎಲ್ಲರಿಗೂ ಕಾಣ್ತಿತ್ತು. ಖಾತೆಯಿದ್ದರೆ ಕಾಣೋದು ನಾವು ಇಟ್ಟುಕೊಂಡ ಹೆಸರಷ್ಟೇ. ನನ್ನದು ಒಂದು ತಿಂಡಿಯ ಹೆಸರು. ಜೊತೆಗೆ ಚಟ್ನಿ ಇರುತ್ತೆ, ಇಷ್ಟೇ ಸುಳಿವು. (ಬೆಣ್ಣೆದೋಸೆ ಅಲ್ಲ. ಹಾಗಿಟ್ಟಿದ್ದರೆ ದಾವಣಗೆರೆಯವರು ಅಂದುಬಿಡ್ತಿದ್ದರು.)

ಯಾಕಿಷ್ಟು ಗುಟ್ಟು ಅಂತೀರಾ? ನಮ್ಮಲ್ಲಿ ಹೆಸರು ಹೇಳಿದ ಕೂಡಲೇ 'ಯಾವೂರು?' ಅಂತಾರೆ. ಅದರ ಹಿಂದೆ ಇನ್ನೊಂದು ಪ್ರಶ್ನೆ, ಬಾಯಿಬಿಟ್ಟು ಕೇಳದಿದ್ದರೂ, ಕಾದು ನಿಂತಿರುತ್ತೆ. ಪುರಂದರದಾಸರು ಹುಟ್ಟಿದ್ದು ಪುಣೆ ಬಳಿಯ ಪುರಂದರಗಡದಲ್ಲಿ ಅಂತ ಕೆಲವರು, ತೀರ್ಥಹಳ್ಳಿ ಬಳಿಯ ಆರಗದ ಸೀಮೆಯಲ್ಲಿ ಅಂತ ಕೆಲವರು. ಇಂಥ ಕಡೆ ಎರಡನ್ನೂ ಆಧಾರ ಸಮೇತ ಇಡಬೇಕು. ಇಟ್ಟವರ ಊರು, ಜಾತಿ ಗೊತ್ತಾಯ್ತೋ, ಆಮೇಲೆ ಆಧಾರದ ಕಡೆ ಯಾರೂ ನೋಡಲ್ಲ. ವಿಕಿಪೀಡಿಯದ ಸಮುದಾಯ ಚರ್ಚೆಯ ಪುಟಕ್ಕೆ 'ಅರಳಿ ಕಟ್ಟೆ' ಅಂತಲೇ ಹೆಸರು. ನಿಜವಾದ ಅರಳಿಕಟ್ಟೆಯಲ್ಲಿ ಯಾರ ಮಗ, ಯಾರ ಮಗಳು ಅಂತ ಹೇಳದೆ ಬಾಯಿ ತೆರೆಯೋಕಾಗುತ್ತಾ? ಇಲ್ಲಿ ತಿಂಡಿಯೊಂದು ವಾದ ಮಾಡಿದರೂ ಕೇಳ್ತಾರೆ.

ಮನೇಲೂ ಯಾರಿಗೂ ಹೇಳಿಲ್ಲ. ಮೊನ್ನೆ ಅಪ್ಪ ನಾನೇ ಬರೆದ ಪುಟವೊಂದನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, "ಯಾರೋ ಚೆನ್ನಾಗಿ ಬರೆದಿದ್ದಾರೆ. ಸದಾ ಲ್ಯಾಪ್‌ಟಾಪ್ ಮುಂದೆ ಕೂತಿರ್ತೀಯಲ್ಲ, ನೀನೂ ಇಂಥದ್ದೇನಾದರೂ ಮಾಡಬಾರದಾ?" ಅಂದರು. "ನೋಡ್ತೀನಪ್ಪಾ" ಅಂದೆ.